ಕಾರಿನ ಮೀಟರ್ ಬೋರ್ಡಲ್ಲಿ ಲೈಟು ಸುಮ್‌ಸುಮ್ನೆ ಹತ್ತುತ್ತಾ?

ಪ್ರಶ್ನೆ: ಸರ್ ನಮಸ್ಕಾರ, ನಮ್ಮದು ಸಕಲೇಶಪುರದ ಹತ್ರ ಸಣ್ಣ ಕಾಫಿ ತೋಟ, ಏಳು ವರ್ಷದ ಪೆಟ್ರೋಲ್ ಕಾರು. ಮಳೆ ಹಿಡಿದಾಗಿಂದ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಲೈಟು, ಒಂದೊಂದ್ಸಲ ಇಂಜಿನ್ ಲೈಟೂ ಹತ್ಕೊಳ್ಳುತ್ತೆ, ಹಾಸನದ ಗ್ಯಾರೇಜಿಗೆ ಹೋಗೋಷ್ಟರಲ್ಲಿ ಆರಿರುತ್ತೆ. ಒಬ್ರು ನಾಲ್ಕೂ ಚಕ್ರದ ಸ್ಪೀಡ್ ಸೆನ್ಸರ್ ಚೇಂಜ್ ಮಾಡ್ಬೇಕು ಅಂತಾರೆ, ಇನ್ನೊಬ್ರು ಅದು ಸುಳ್ಳು ಲೈಟು, ಬ್ಯಾಟರಿ ವೈರ್ ಬಿಚ್ಚಿ ಹಾಕಿದ್ರೆ ಹೋಗುತ್ತೆ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಇಬ್ಬರದ್ದೂ ಬೇಡ, ಮೊದಲು ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿಸಿ. ಲೈಟ್ ಆರಿದ್ರೂ ತೊಂದರೆ ಎಲ್ಲಿ ಅಂತ ಹೇಳೋ ಕೋಡ್ ಸಾಮಾನ್ಯವಾಗಿ ಒಳಗೆ ಉಳಿದಿರುತ್ತೆ, ಬ್ಯಾಟರಿ ಬಿಚ್ಚಿದ್ರೆ ಅದೂ ಅಳಿಸಿ ಹೋಗಬಹುದು, ಆಮೇಲೆ ಎಷ್ಟೇ ಒಳ್ಳೆ ಮೆಕ್ಯಾನಿಕ್ ಆದ್ರೂ ಏನಂತ ಹುಡುಕ್ತಾನೆ? ಕೋಡ್ ಬಂದ ತಕ್ಷಣ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಆನ್‌ಲೈನಲ್ಲಿ ಸಿಗೋ ಸಣ್ಣ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಇಂಜಿನ್ ಕೋಡ್ ಮಾತ್ರ ಓದೋದು, ಎಬಿಎಸ್‌ಗೆ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು.

ನಾಲ್ಕೂ ಸೆನ್ಸರ್ ಒಟ್ಟಿಗೆ ಕೆಡೋದು ಬಹಳ ಅಪರೂಪ. ಸೆನ್ಸರ್ ಚಕ್ರದ ಪಕ್ಕದಲ್ಲೇ ಕೂತಿರುತ್ತೆ, ತೋಟದ ಕೆಸರು ಮೆತ್ಕೊಂಡ್ರೆ, ವೈರ್ ಜೋಡಿಸೋ ಕಪ್ಲರ್ ಒಳಗೆ ನೀರು ಹೋಗಿ ಪಿನ್ನು ಹಸಿರುಗಟ್ಟಿದ್ರೆ ಮಳೇಲಿ ಲೈಟ್ ಹತ್ತುತ್ತೆ, ಒಣಗಿದ್ರೆ ಆರುತ್ತೆ, ನಿಮ್ಮ ಕಾರಿನ ಲಕ್ಷಣ ನೋಡಿದ್ರೆ ನನಗೆ ಇದರ ಮೇಲೇ ಅನುಮಾನ. ಸ್ಕ್ಯಾನರಲ್ಲಿ ಲೈವ್ ಡೇಟಾ ತೆಗೆಸಿ, ನಿಧಾನಕ್ಕೆ ಕಾರು ಓಡಿಸ್ತಾ ಪಕ್ಕದಲ್ಲಿ ಕೂತೋರು ನಾಲ್ಕೂ ಚಕ್ರದ ಸ್ಪೀಡ್ ನೋಡ್ಲಿ, ಮೂರು ಚಕ್ರ 20 ತೋರಿಸ್ತಾ ಒಂದು ಮಾತ್ರ ಸೊನ್ನೆಗೆ ಬಿದ್ರೆ ಗಲಾಟೆ ಆ ಚಕ್ರದಲ್ಲೇ, ಅದರ ಕಪ್ಲರ್ ಕ್ಲೀನ್ ಮಾಡಿಸಿ ನೋಡಿದ ಮೇಲೆ ಸೆನ್ಸರ್ ಮಾತು.

ಬಾನೆಟ್ ಎತ್ತಿ ವೈರಿಂಗನ್ನೂ ಒಂದ್ಸಲ ನೋಡಿ. ಶೆಡ್ಡಲ್ಲಿ ನಿಲ್ಲಿಸೋ ಕಾರಿಗೆ ಇಲಿ ಕಾಟ ಇದ್ದದ್ದೇ, ಇಂಜಿನ್ ಬಿಸಿಗೆ ಬಂದು ಕೂತು ವೈರ್ ಕಡಿಯುತ್ತೆ. ಆಮೇಲೆ ಬ್ಯಾಟರಿ. ರಾತ್ರಿ ನಿಂತ ಕಾರಲ್ಲಿ ಸುಮಾರು 12.6 ವೋಲ್ಟ್, ಸ್ಟಾರ್ಟ್ ಆದ್ಮೇಲೆ 13.5ರಿಂದ 14.5ರೊಳಗೆ ಇರ್ಬೇಕು, ಕರೆಂಟ್ ಸಾಲದೇ ಹೋದ್ರೆ ಒಂದಕ್ಕೊಂದು ಸಂಬಂಧ ಇಲ್ಲದ ಲೈಟೆಲ್ಲ ಒಟ್ಟಿಗೆ ಹತ್ಕೊಳ್ಳುತ್ತೆ. ಇಂಜಿನ್ ಲೈಟಿಗೆ ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಸಡಿಲ ಆಗಿರೋದೂ ಕಾರಣ ಆಗಬಹುದು, ಪೆಟ್ರೋಲ್ ಆವಿ ಲೀಕ್ ಆಗ್ತಿದೆ ಅನ್ನೋ ಕೋಡ್ ಪಿ0455 ಬಂದ್ರೆ ಮೊದಲು ಕ್ಯಾಪ್ ತಿರುವಿ ಬಿಗಿ ಮಾಡಿ. ಇಂಜಿನ್ ಲೈಟು ಮಿನುಗೋಕೆ ಶುರು ಮಾಡಿದ್ರೆ ಮಾತ್ರ ಓಡಿಸ್ಕೊಂಡು ಹೋಗ್ಬೇಡಿ, ಅದು ಮಿಸ್‌ಫೈರ್, ಅಂದ್ರೆ ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಸುಡ್ತಿಲ್ಲ, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತೆ.

ಈಗ ಕೆಂಪು ಲೈಟಿನ ವಿಷಯ, ದಯವಿಟ್ಟು ಇದನ್ನ ಮನೇಲಿ ಡ್ರೈವಿಂಗ್ ಮಾಡೋರಿಗೆಲ್ಲ ಹೇಳಿ. ಶಿರಾಡಿ ಘಾಟಿ ಇಳಿಯುವಾಗ ತಿರುವಲ್ಲಿ ಬ್ರೇಕ್ ಲೈಟ್ ಪಕ್ ಅಂತ ಹತ್ತಿ, ನೇರ ರಸ್ತೆಗೆ ಬಂದ್ರೆ ಆರುತ್ತೆ, ಜನ ಅದನ್ನೂ ಸುಳ್ಳು ಅಂತ್ಲೇ ಬಿಟ್‌ಬಿಡ್ತಾರೆ. ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಹೀಗಾಗ್ತಿದ್ರೆ ಸಾಮಾನ್ಯವಾಗಿ ಬ್ರೇಕ್ ಆಯಿಲ್ ಕಮ್ಮಿ ಆಗಿರುತ್ತೆ, ಇಳಿಜಾರಲ್ಲಿ ಡಬ್ಬಿಯೊಳಗೆ ಆಯಿಲ್ ವಾಲಿದಾಗ ಅದರ ಮೇಲೆ ತೇಲೋ ಫ್ಲೋಟ್ ಕೆಳಗೆ ಹೋಗಿ ಲೈಟ್ ಹತ್ತುತ್ತೆ. ಬ್ರೇಕ್ ಪ್ಯಾಡ್ ಸವೆದಷ್ಟೂ ಆಯಿಲ್ ಮಟ್ಟ ಇಳಿಯುತ್ತೆ, ಹಾಗಾಗಿ ಬರೀ ಆಯಿಲ್ ತುಂಬ್ಸಿ ಸುಮ್ನಾಗ್ಬೇಡಿ, ಪ್ಯಾಡು ನೋಡಿಸಿ, ಲೀಕ್ ಇದ್ಯಾ ನೋಡಿಸಿ. ಎಬಿಎಸ್ ಲೈಟ್ ಒಂದೇ ಇದ್ರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತೆ, ಆದ್ರೆ ಒದ್ದೆ ರಸ್ತೇಲಿ ಜೋರಾಗಿ ತುಳಿದ್ರೆ ಚಕ್ರ ಲಾಕ್ ಆಗಬಹುದು. ಎಬಿಎಸ್ಸೂ ಕೆಂಪು ಬ್ರೇಕ್ ಲೈಟೂ ಜೊತೇಲಿ ಹತ್ತಿದ್ರೆ ಗಾಡಿ ಸೈಡಿಗೆ ಹಾಕಿ, ಘಾಟಿ ಇಳಿಯೋ ಸಾಹಸ ಬೇಡ. ಇಂಜಿನ್ ಆಯಿಲ್ ಪ್ರೆಶರಿನ ಕೆಂಪು ಲೈಟಿಗೂ ಅಷ್ಟೇ, ಸೆನ್ಸರ್ ಕೆಟ್ಟಿರಬಹುದು ನಿಜ, ಆದ್ರೆ ಅದನ್ನ ಇಂಜಿನ್ ಆಫ್ ಮಾಡಿ ನಿಲ್ಲಿಸಿದ ಮೇಲೆ ಪತ್ತೆ ಮಾಡೋಣ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಕಾರಿನ ಒಳಗೆಲ್ಲ ಕ್ಲೀನ್ ಮಾಡಿಸಿದ ಮೇಲೆ ಏರ್‌ಬ್ಯಾಗ್ ಲೈಟ್ ಆರ್ತಾನೇ ಇಲ್ಲ. ಬಲ್ಬ್ ತೆಗೆಸಿಬಿಡ್ಲಾ?

ಉತ್ತರ: ಖಂಡಿತ ಬೇಡ. ಆ ಲೈಟ್ ಇರೋವರೆಗೂ ಆಕ್ಸಿಡೆಂಟಲ್ಲಿ ಏರ್‌ಬ್ಯಾಗ್ ಬಿಚ್ಕೊಳ್ಳುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸೀಟು ಹಿಂದೆ ಮುಂದೆ ಎಳೆದಾಡುವಾಗ ಅದರ ಕೆಳಗಿನ ಕಪ್ಲರ್, ಬಹಳ ಕಾರಲ್ಲಿ ಹಳದಿ ಬಣ್ಣದ್ದು, ಸಡಿಲ ಆಗಿರಬಹುದು. ನೀವೇ ಕೈ ಹಾಕ್ಬೇಡಿ, ಕರೆಂಟ್ ಅಳೆಯೋ ಮೀಟರ್ ಹಿಡಿದು ಚೆಕ್ ಮಾಡೋಕೂ ಬಿಡ್ಬೇಡಿ, ಏರ್‌ಬ್ಯಾಗ್ ಸಿಡಿಯೋ ಅಪಾಯ ಇದೆ. ಬ್ಯಾಟರಿ ಕನೆಕ್ಷನ್ ತೆಗೆದು ಸ್ವಲ್ಪ ಹೊತ್ತು ಕಾದು ಕೆಲಸ ಮಾಡೋ, ಈ ಕೆಲಸ ಗೊತ್ತಿರೋ ಗ್ಯಾರೇಜಿಗೇ ಕೊಡಿ, ಕ್ಲೀನಿಂಗ್ ಆದ್ಮೇಲೇ ಶುರುವಾಗಿದ್ದು ಅಂತ ಮರೀದೆ ಹೇಳಿ.