ಮೊಬೈಲಿಗಿಂತ ಹಳೆಯದು ಈ ಕದ್ದಾಲಿಕೆ

ಮಂಡ್ಯದ ಓದುಗರೊಬ್ಬರ ಪತ್ರ: ಮನೆ ಪಾಲಿನ ಮಾತಿಗೆ ಕೂತಾಗ ತಮ್ಮನ ಮಗ ಎಲ್ಲವನ್ನೂ ಮೊಬೈಲಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡನಂತೆ. ‘ನಮ್ಮ ತಾತನ ಕಾಲದಲ್ಲಿ ಇಂಥ ಯಂತ್ರವೂ ಇರಲಿಲ್ಲ, ಇಂಥ ಬುದ್ಧಿಯೂ ಇರಲಿಲ್ಲ’ ಎಂದು ನೊಂದು ಬರೆದಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಬುದ್ಧಿ ಬಹಳ ಹಳೆಯದು. 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳಲ್ಲಿ ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ, ಅಧಿಕಾರಿಗಳ ಮನೆಯೊಳಗಿನ ಸುದ್ದಿ ತಿಳಿಯಲು ಕಿವುಡ, ಮೂಗರ ವೇಷದ ಗೂಢಚಾರರನ್ನು ಬಿಡಬೇಕೆಂದಿದೆ. ಕಿವುಡನ ಎದುರು ಯಾರು ತಾನೇ ದನಿ ತಗ್ಗಿಸುತ್ತಾರೆ?

ಯಂತ್ರವೂ ನಿಮ್ಮ ತಾತನ ಕಾಲದ್ದೇ. ಅದು ಹುಟ್ಟಿದ್ದು ನಿಜವಾದ ಕಿವುಡರಿಗೆಂದು ಮಾಡಿದ ಶ್ರವಣಯಂತ್ರದಿಂದ. ಅಮೆರಿಕದ ಕೆ. ಎಂ. ಟರ್ನರ್ ಅದರ ಸೂಕ್ಷ್ಮ ಮೈಕನ್ನೇ ಬಳಸಿ, ಆಫೀಸಿನ ಕೋಣೆಯಿಂದ ಕೋಣೆಗೆ ಮಾತಾಡಲು ಡಿಕ್ಟೋಗ್ರಾಫ್ ತಂದರು. ಪತ್ತೇದಾರರು ಬಿಡುತ್ತಾರೆಯೇ? 1911ರಲ್ಲಿ ಅದನ್ನು ಹೋಟೆಲ್ ಕೋಣೆಯಲ್ಲಿ ಅಡಗಿಸಿಟ್ಟು ಓಹಿಯೋ ಶಾಸಕರ ಲಂಚದ ವ್ಯವಹಾರ ಬಯಲಿಗೆಳೆದರು. ಅದಕ್ಕೆ ಕೇಳಿಸಲು ಬರುತ್ತಿತ್ತು, ಹಿಡಿದಿಡಲು ಬರುತ್ತಿರಲಿಲ್ಲ. ತಂತಿಯ ಇನ್ನೊಂದು ತುದಿಯಲ್ಲಿ ಶೀಘ್ರಲಿಪಿಕಾರ ಕೂತು ಬರೆದುಕೊಳ್ಳಬೇಕಿತ್ತು. ಉಕ್ಕಿನ ತಂತಿಯ ಮೇಲೆ ದನಿ ಹಿಡಿಯುವುದನ್ನು ಡೆನ್ಮಾರ್ಕಿನ ಪೌಲ್ಸನ್ 1898ರಲ್ಲೇ ತೋರಿಸಿದ್ದರೂ, ಅದು ಜೇಬಿಗಿಳಿದದ್ದು 1951ರಲ್ಲಿ ಜರ್ಮನಿಯ ಮಿನಿಫೋನ್ ಬಂದಾಗ. ಅದಕ್ಕೆ ಕೈಗಡಿಯಾರದ ವೇಷದ ಮೈಕು ಬೇರೆ!

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮಾಸ್ಕೋದ ಪ್ರಕರಣ. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನ ಕೊಟ್ಟರು. ಅದು ಅವರ ನಿವಾಸದ ಗೋಡೆಯೇರಿತು. ಒಳಗೆ ಲೋಹದ ಪುಟ್ಟ ಡಬ್ಬಿ, ಅದರ ಬಾಯಿಗೆ ಕೂದಲೆಳೆಯಷ್ಟು ತೆಳುವಾದ ಪೊರೆ, ಒಂದು ಆಂಟೆನಾ. ಬ್ಯಾಟರಿಯಿಲ್ಲ, ವೈರಿಲ್ಲ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟರೆ ಮಾತ್ರ ಕೆಲಸ. ಮಾತಿಗೆ ಪೊರೆ ಅದುರಿದಂತೆ ಮರಳುವ ಅಲೆಯೂ ಬದಲಾಗುತ್ತಿತ್ತು, ಅದರಿಂದಲೇ ಹೊರಗಿದ್ದವರಿಗೆ ಒಳಗಿನ ಮಾತು ಕೇಳುತ್ತಿತ್ತು. ಅಲೆ ನಿಲ್ಲಿಸಿಬಿಟ್ಟರೆ ಹುಡುಕುವವರಿಗೆ ಸುಳಿವೇ ಇಲ್ಲ. ಸಿಕ್ಕಿಬಿದ್ದದ್ದು 1952ರಲ್ಲಿ. ಮಾಡಿದವರು, ಮುಟ್ಟದೆಯೇ ನುಡಿಸುವ ವಾದ್ಯ ಕೊಟ್ಟ ಲಿಯಾನ್ ಟೆರೆಮಿನ್. ಅಂಥ ಪ್ರತಿಭೆ ಇಂಥ ಕೆಲಸಕ್ಕೆ ಬಿತ್ತಲ್ಲ ಎಂದು ವ್ಯಥೆಯಾಗುತ್ತದೆ.

ನಮ್ಮ ರಾಜ್ಯಕ್ಕೂ ಇದು ಹೊಸತಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದಿಂದಲೇ.

ಆಗ ಕದ್ದು ಕೇಳಲು ಸರ್ಕಾರವೋ ಪತ್ತೇದಾರ ಸಂಸ್ಥೆಯೋ ಬೇಕಿತ್ತು, ಪಕ್ಕದ ಕೋಣೆ ಬೇಕಿತ್ತು, ಬರೆದುಕೊಳ್ಳುವವನು ಬೇಕಿತ್ತು. ಈಗ ಹುಡುಗನ ಜೇಬು ಸಾಕು. ನನ್ನ ಆತಂಕವೆಲ್ಲ ಈ ಸಲೀಸಿನದು.

ಪಾಲಿನ ಮಾತು ಇನ್ನೂ ಮುಗಿದಿಲ್ಲ ಎಂದಿದ್ದೀರಿ. ಮುಂದಿನ ಸಲ ನೀವೇ ಮೊಬೈಲನ್ನು ಎಲ್ಲರ ನಡುವೆ ಇಟ್ಟು, ರೆಕಾರ್ಡ್ ಆಗುತ್ತಿದೆ ಎಂದು ಹೇಳಿಬಿಡಿ. ಪ್ರತಿಯನ್ನು ಎಲ್ಲರಿಗೂ ಕಳಿಸಿ. ಅದಕ್ಕೂ ಮೊದಲು ಆ ಹುಡುಗನನ್ನು ಕೂರಿಸಿಕೊಂಡು, ಯಾರ ಮಾತಿನ ಮೇಲೆ ಅವನಿಗೆ ನಂಬಿಕೆ ಹೋಗಿತ್ತು ಎಂದು ಸಮಾಧಾನದಿಂದ ಕೇಳಿ.