ದೊಡ್ಡ ಬ್ರ್ಯಾಂಡ್ ಊರಿಗೆ ಬಂದಾಗ ದೋಸೆ ಹಿಟ್ಟಿನ ವ್ಯಾಪಾರ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಆರು ವರ್ಷದಿಂದ ಇಡ್ಲಿ-ದೋಸೆ ಹಿಟ್ಟು ಮಾರುತ್ತಿದ್ದೇನೆ. ದಿನಕ್ಕೆ ಒಂದು ಕೆ.ಜಿ.ಯ 150 ಪ್ಯಾಕೆಟ್, 62 ಅಂಗಡಿ. ಅಂಗಡಿಗೆ 60 ರೂಪಾಯಿಗೆ ಕೊಡುತ್ತೇನೆ, ಗ್ರಾಹಕರಿಗೆ 70. ಎಲ್ಲ ಸೇರಿ ನನಗೆ ಪ್ಯಾಕೆಟ್‌ಗೆ 45 ರೂಪಾಯಿ ಬೀಳುತ್ತದೆ. ದಿನಾ 18ರಷ್ಟು ವಾಪಸ್ ಬರುತ್ತವೆ. ಈಗ ಬೆಂಗಳೂರಿನ ದೊಡ್ಡ ಬ್ರ್ಯಾಂಡ್ ಒಂದು ಬಂದಿದೆ. ಅಂಗಡಿಯವರಿಗೆ ಹೆಚ್ಚು ಕಮಿಷನ್ ಕೊಡುತ್ತಿದೆ, ಫ್ರಿಜ್ಜನ್ನೂ ಇಟ್ಟುಕೊಡುತ್ತಿದೆ. ನಾನು 5 ರೂಪಾಯಿ ಇಳಿಸಲೇ?

ಉತ್ತರ: ಇಳಿಸಬೇಡಿ. ಇಂದು ನೀವು ಮಾರುವುದು 132 ಪ್ಯಾಕೆಟ್, ಬರುವುದು 7,920 ರೂಪಾಯಿ. 150 ಪ್ಯಾಕೆಟ್ ಮಾಡಲು ಖರ್ಚು 6,750. ಉಳಿಯುವುದು 1,170. ದರ 55 ಆದರೆ ಬರುವುದು 7,260, ಉಳಿಯುವುದು ಬರೀ 510. ಖರ್ಚು ಮತ್ತು ವಾಪಸಾತಿ ಈಗಿನ ಪ್ರಮಾಣದಲ್ಲೇ ಇದ್ದರೆ ಹಳೆಯ ಲಾಭ ಮುಟ್ಟಲು ದಿನಕ್ಕೆ 344 ಪ್ಯಾಕೆಟ್ ಮಾಡಬೇಕಾಗುತ್ತದೆ. ದರ ಇಳಿಸುವ ಪೈಪೋಟಿಯಲ್ಲಿ ದೊಡ್ಡ ಬಂಡವಾಳದವರೇ ಹೆಚ್ಚು ದಿನ ತಾಳುತ್ತಾರೆ.

ದುಡ್ಡು ಸೋರುತ್ತಿರುವುದು ಆ 18 ಪ್ಯಾಕೆಟ್‌ಗಳಲ್ಲಿ. ಮಾರಾಟ ಒಂದೂ ಹೆಚ್ಚದೆ, ಬರೀ 138 ಮಾಡಿ 132 ಮಾರಿದರೆ ಉಳಿಯುವುದು 1,710. ಕೂಲಿ, ಬಾಡಿಗೆ ಕಡಿಮೆಯಾಗದ ಕಾರಣ ಅಷ್ಟೂ ಸಿಗದಿರಬಹುದು. ಅಕ್ಕಿ, ಉದ್ದು, ಕವರಿನ ಹಣವಂತೂ ಕೈಗೆ ಬರುತ್ತದೆ.

ಅದಕ್ಕೆ ಬೇಕಾದುದು ಒಂದು ನೋಟ್‌ಬುಕ್. ಪ್ರತಿ ಅಂಗಡಿಗೂ ಒಂದು ಪುಟ: ಕೊಟ್ಟದ್ದೆಷ್ಟು, ವಾಪಸ್ ಬಂದದ್ದೆಷ್ಟು, ಖಾಲಿಯಾಗಿದ್ದರೆ ಎಷ್ಟು ಹೊತ್ತಿಗೆ. ಮುಂದಿನ ಮಂಗಳವಾರಕ್ಕೆ ಎಷ್ಟು ಕೊಡಬೇಕೆಂದರೆ, ಹಿಂದಿನ ನಾಲ್ಕು ಮಂಗಳವಾರಗಳ ಮಾರಾಟದ ಸರಾಸರಿ. ಬೆಳಿಗ್ಗೆ ಹತ್ತರೊಳಗೆ ಖಾಲಿಯಾಗುವ ಅಂಗಡಿಗೆ ಮಾತ್ರ ಒಂದು ಹೆಚ್ಚು. ವಾರದ ದಿನಗಳನ್ನು ಬೆರೆಸಿ ಸರಾಸರಿ ತೆಗೆದರೆ ಲೆಕ್ಕ ಕೆಡುತ್ತದೆ: ಶನಿವಾರ ಒಪ್ಪತ್ತು ಮಾಡುವ ಮನೆಗಳಲ್ಲಿ ರಾತ್ರಿ ಫಲಾಹಾರಕ್ಕೆ ದೋಸೆ, ಭಾನುವಾರ ಬೆಳಿಗ್ಗೆ ಎಲ್ಲರ ಮನೆಯಲ್ಲೂ ತಿಂಡಿ ಜೋರು. ಏಕಾದಶಿಯಂದು ಅಕ್ಕಿ ಮುಟ್ಟದ ಮನೆಗಳಿರುವ ಬೀದಿಯಲ್ಲಿ ಬೇಡಿಕೆ ಕುಸಿಯುತ್ತದೆ. ಯಾವ ಬೀದಿ ಎಂಬುದು ಬೆಂಗಳೂರಿನಲ್ಲಿ ಕೂತವರಿಗಿಂತ ನಿಮಗೆ ಮೊದಲು ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಶುರುಮಾಡಿದ ಐಡಿ ಫ್ರೆಶ್ ಫುಡ್ ಕೂಡ ಯಾವ ಅಡುಗೆಮನೆಯಲ್ಲಾದರೂ ಆಗುವ ಹಿಟ್ಟಿನಿಂದಲೇ ಬೆಳೆದದ್ದು. ಹಿಟ್ಟನ್ನು ನಕಲು ಮಾಡುವುದು ಸುಲಭ. ದಿನಾ ನಸುಕಿಗೆ ಸರಿಯಾದ ಅಂಗಡಿಗೆ ಸರಿಯಾದ ಸಂಖ್ಯೆಯಲ್ಲಿ ತಲುಪಿಸುವ ಪದ್ಧತಿಯನ್ನು ನಕಲು ಮಾಡಲು ವರ್ಷಗಳು ಬೇಕು. ನಿಮ್ಮದು ಆರು ವರ್ಷದ ಪದ್ಧತಿ, ಕಾಗದದ ಮೇಲೆ ಇಲ್ಲ ಅಷ್ಟೇ.

ಇನ್ನು ತಾಜಾತನ. ಅವರ ಪ್ಯಾಕೆಟ್ 260 ಕಿ.ಮೀ. ಆಸುಪಾಸು ದೂರದಿಂದ ಬರುವುದಾದರೆ ಹಲವು ದಿನ ತಾಳುವಂತೆ ಮಾಡಲೇಬೇಕು. ನೀವು ರಾತ್ರಿ ರುಬ್ಬಿ ಬೆಳಿಗ್ಗೆ ಏಳಕ್ಕೆ ಅಂಗಡಿಯಲ್ಲಿಡಬಲ್ಲಿರಿ. ಆದರೆ ಗ್ರಾಹಕರಿಗೆ ಇದು ಕಾಣುತ್ತಿಲ್ಲ. ತಯಾರಿಸಿದ ದಿನಾಂಕದ ಪಕ್ಕದಲ್ಲೇ ಗಂಟೆಯನ್ನೂ ಮುದ್ರಿಸಿ: ‘ರುಬ್ಬಿದ್ದು ರಾತ್ರಿ 11ಕ್ಕೆ’. ಬರೆದ ಮೇಲೆ ಅದು ನಿಜವಾಗಿರಬೇಕು, ಒಂದು ದಿನವೂ ತಪ್ಪಬಾರದು.

ಈ ವ್ಯಾಪಾರ ಹೆಚ್ಚಾಗಿ ಕೆಡುವುದು ಬೇಸಿಗೆಯಲ್ಲಿ. ಕಲ್ಲು ಬಿಸಿಯಾದರೆ ಉದ್ದಿನ ಹಿಟ್ಟು ಚೆನ್ನಾಗಿ ಉಬ್ಬುವುದಿಲ್ಲ. ಆದ್ದರಿಂದ ಐಸ್ ನೀರು ಹಾಕಿ ರುಬ್ಬಿ, ಹಿಟ್ಟಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪ್ಯಾಕ್ ಆದ ಕೂಡಲೇ 4-5 ಡಿಗ್ರಿಗೆ ತಣಿಸಿ. ಪ್ರತಿ ಬ್ಯಾಚಿಗೂ ಉಷ್ಣತೆ, ಹುದುಗಿದ ಗಂಟೆ, ಪಿಎಚ್ (ಹುಳಿಯ ಅಳತೆ) ಬರೆದಿಡಿ. ಚೆನ್ನಾಗಿ ಹುದುಗಿದ ಹಿಟ್ಟಿನ ಪಿಎಚ್ 4.5ರ ಆಸುಪಾಸಿಗೆ ಬರುತ್ತದೆ, ಅದಕ್ಕಿಂತ ಕೆಳಗೆ ಹೋದಂತೆಲ್ಲ ಹುಳಿ ಏರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರಿಜ್ ಆರಿಸುತ್ತಾರೆ. ಒಳಗಿನ ಬ್ಯಾಕ್ಟೀರಿಯಾ ಕೆಲಸ ಮುಂದುವರಿಸಿ ಗಾಳಿ ಬಿಡುತ್ತವೆ, ಕವರ್ ಉಬ್ಬುತ್ತದೆ, ಹೆಸರು ಕೆಡುವುದು ನಿಮ್ಮದು. ಅಂಗಡಿಯ ಫ್ರಿಜ್ಜಿನಲ್ಲಿ ಒಂದು ಥರ್ಮಾಮೀಟರ್ ಇಡಿ. ಮೂರು ಸಲ 8 ಡಿಗ್ರಿಗಿಂತ ಮೇಲೆ ಕಂಡರೆ ಆ ಅಂಗಡಿಗೆ ರಾತ್ರಿ ಉಳಿಯದಷ್ಟೇ ಮಾಲು ಕೊಡಿ. ಬ್ರ್ಯಾಂಡಿನವರ ಫ್ರಿಜ್ಜಿನಲ್ಲಿ ನಿಮ್ಮ ಪ್ಯಾಕೆಟ್ ಇಡಲು ಬಿಡದಿರಬಹುದು. ನಿಮ್ಮ ಹಿಟ್ಟು ಹೆಚ್ಚು ಮಾರುವ ಇಪ್ಪತ್ತು ಅಂಗಡಿಗಳಿಗೆ ಐಸ್ ಪ್ಯಾಕ್ ಹಾಕಿದ ಸಣ್ಣ ಥರ್ಮಾಕೋಲ್ ಪೆಟ್ಟಿಗೆ ಸಾಕು, ಬೆಳಗಿನ ವ್ಯಾಪಾರದ ಹೊತ್ತನ್ನು ಅದು ದಾಟಿಸುತ್ತದೆ.

62 ಅಂಗಡಿಗೆ 132 ಎಂದರೆ ಅಂಗಡಿಗೆ ಸರಾಸರಿ ಎರಡು. ದಿನಕ್ಕೆ ಒಂದೇ ಮಾರುವ, ದಾರಿಯಿಂದ ಪಕ್ಕಕ್ಕಿರುವ ಅಂಗಡಿಗಳನ್ನು ಬಿಡಿ. ಆ ಹೊತ್ತನ್ನು ಹಾಸ್ಟೆಲ್, ಪಿಜಿ, ಮೆಸ್‌ಗಳಿಗೆ ಕೊಡಿ, ನಿಮ್ಮ ಊರಲ್ಲಿ ಕಾಲೇಜುಗಳಿಗೆ ಬರವಿಲ್ಲ. 10 ಕೆ.ಜಿ. ಕ್ಯಾನಿನಲ್ಲಿ ಕೊಟ್ಟರೆ ಕವರ್ ಖರ್ಚಿಲ್ಲ, ಹಿಂದಿನ ಸಂಜೆಯೇ ಆರ್ಡರ್ ಬಂದರೆ ವಾಪಸಾತಿಯೂ ಇಲ್ಲ. ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗುತ್ತದೆ, ಆದ್ದರಿಂದ ಅಲ್ಲಿನ ಮಾರಾಟ ಒಟ್ಟು ಮಾರಾಟದ ನೂರಕ್ಕೆ 40 ಭಾಗ ದಾಟದಿರಲಿ. ಉದ್ರಿ ಒಂದು ವಾರಕ್ಕೆ ಮೀರದಿರಲಿ. ಬೆಣ್ಣೆ ದೋಸೆಗೆಂದೇ ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟನ್ನು ಬೇರೆ ಪ್ಯಾಕೆಟ್ಟಿನಲ್ಲಿ ತಂದು ನೋಡಿ. ದಾವಣಗೆರೆಯವರ ನಾಲಿಗೆಗೆ ಆ ರುಚಿ ಗೊತ್ತು, ರಾಜ್ಯಕ್ಕೆಲ್ಲ ಒಂದೇ ಹಿಟ್ಟು ಮಾಡುವವರು ಒಂದು ಊರಿಗಾಗಿ ಅದನ್ನು ಮಾಡುವುದು ಕಷ್ಟ.

ಪ್ರಶ್ನೆ: ನಮ್ಮಲ್ಲಿ ನಾಲ್ಕು ವರ್ಷ ರುಬ್ಬುವ ಕೆಲಸ ಮಾಡಿದ ಹುಡುಗ ಈಗ ತಾನೇ ಹಿಟ್ಟಿನ ಅಂಗಡಿ ಹಾಕಿದ್ದಾನೆ. ಮುಂದೆ ಕೆಲಸಕ್ಕೆ ಬರುವವರಿಂದ ‘ಇದೇ ವ್ಯಾಪಾರ ಮಾಡುವುದಿಲ್ಲ’ ಎಂದು ಬಾಂಡ್ ಬರೆಸಿಕೊಳ್ಳಬಹುದೇ?

ಉತ್ತರ: ಬರೆಸಿಕೊಂಡರೂ ಕೆಲಸ ಬಿಟ್ಟ ಮೇಲೆ ಅದು ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಒಬ್ಬರ ವೃತ್ತಿ, ವ್ಯಾಪಾರಕ್ಕೆ ಅಡ್ಡಿಮಾಡುವ ಕರಾರನ್ನು ಅನೂರ್ಜಿತ ಎನ್ನುತ್ತದೆ. ದುಡಿಮೆ ಕಲಿತವನು ಅದರಿಂದಲೇ ಬದುಕುವುದು ನ್ಯಾಯವೂ ಹೌದು. ಅಂಗಡಿವಾರು ಲೆಕ್ಕ, ಗ್ರಾಹಕರ ಪಟ್ಟಿ, ಉದ್ದಿನ ಖರೀದಿ ದರಗಳನ್ನು ಗುಟ್ಟಾಗಿಡಬೇಕೆಂಬ ಷರತ್ತು ಬರೆಸಬಹುದು, ಅದಕ್ಕೆ ಬೆಲೆ ಇದೆ. ಖರೀದಿ, ರುಬ್ಬುವಿಕೆ, ವಿತರಣೆ ಮೂರೂ ಒಬ್ಬರ ಕೈಯಲ್ಲಿ ಇರದಂತೆ ನೋಡಿಕೊಳ್ಳಿ. ಅಂಗಡಿಯವರ ಜೊತೆಗಿನ ಮಾತುಕತೆ ವಿತರಣೆಯ ಹುಡುಗನಿಗೇ ಬಿಟ್ಟರೆ ಅವನು ಹೋದ ದಿನ ಅಂಗಡಿಗಳೂ ಹೋಗುತ್ತವೆ. ತಿಂಗಳಿಗೊಮ್ಮೆ ನೀವೇ ಎಲ್ಲ ಅಂಗಡಿ ಸುತ್ತಿ.

ಪ್ರಶ್ನೆ: ‘ದಾವಣಗೆರೆ ಬೆಣ್ಣೆ ದೋಸೆ ಹಿಟ್ಟು’ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುತ್ತದೆಯೇ?

ಉತ್ತರ: ಊರಿನ ಹೆಸರು ಮತ್ತು ಪದಾರ್ಥದ ವರ್ಣನೆ ಮಾತ್ರ ಇರುವುದರಿಂದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಆಕ್ಷೇಪ ಬರುವ ಸಾಧ್ಯತೆ ಬಹಳ. ನಿಮ್ಮದೇ ಆದ ಒಂದು ಹೆಸರು ಕಟ್ಟಿಕೊಳ್ಳಿ, ವರ್ಣನೆ ಅದರ ಕೆಳಗೆ ಸಣ್ಣಕ್ಷರದಲ್ಲಿರಲಿ. ನೋಂದಣಿಗಾಗಿ ಮಾಡಿರುವ ಸರಕುಗಳ ವಿಂಗಡಣೆಯಲ್ಲಿ ಹಿಟ್ಟು 30ನೇ ವರ್ಗಕ್ಕೆ ಸೇರುತ್ತದೆ. ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್ ಅರ್ಜಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ ಶುಲ್ಕ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಬೇರೆಯವರ ಆಕ್ಷೇಪಕ್ಕೆ ಅವಕಾಶವಿರುತ್ತದೆ. ನೋಂದಣಿಯಾದರೆ ಹತ್ತು ವರ್ಷ ಚಾಲ್ತಿ, ಆಮೇಲೆ ನವೀಕರಣ. ಅರ್ಜಿ ಹಾಕಿದ ದಿನದಿಂದ ಕವರಿನ ಮೇಲೆ ‘ಟಿಎಂ’ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿ ಪತ್ರ ಕೈಗೆ ಬರುವ ಮುನ್ನ ಮುದ್ರಿಸಬೇಡಿ, ಅದು ಕಾನೂನಿಗೆ ವಿರುದ್ಧ. ಕವರ್ ಮುದ್ರಣಕ್ಕೆ ದೊಡ್ಡ ಆರ್ಡರ್ ಕೊಡುವ ಮೊದಲೇ ಟ್ರೇಡ್‌ಮಾರ್ಕ್ ನೋಂದಣಿ ಜಾಲತಾಣದಲ್ಲಿ ಅದೇ ವರ್ಗದಲ್ಲಿ ಹೆಸರು ಹುಡುಕಿ ನೋಡಿ, ಕನ್ನಡದ ಉಚ್ಚಾರಕ್ಕೆ ಹತ್ತಿರವಾದ ಇಂಗ್ಲಿಷ್ ಕಾಗುಣಿತಗಳನ್ನೂ ಸೇರಿಸಿ.