ಹರಿದ ಬಲೆಯನ್ನು ಮೊದಲು ಕತ್ತರಿಸಬೇಕು

ದಕ್ಷಿಣ ಗೋವಾದ ತಳಪಣದ ಅಳಿವೆಯಲ್ಲಿ ಬಲೆ ದುರಸ್ತಿ ಮಾಡುತ್ತಿದ್ದ ಅಜ್ಜನೊಬ್ಬನನ್ನು ಕಂಡೆ ಎಂದು ನೀವು ಬರೆದಿದ್ದೀರಿ. ಅವನು ನನ್ನ ಚಿಕ್ಕಪ್ಪನೇ ಇರಬೇಕು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ತಲೆಗೆ ಪಂಚೆ ಸುತ್ತಿ, ಪಕ್ಕದಲ್ಲಿ ಯಾರು ನಿಂತರೂ ಕತ್ತೆತ್ತದೆ ಕೂತಿರುವವನು ಇಲ್ಲಿ ಅವನೊಬ್ಬನೇ. ನೀವು ಹಿಂದಿಯಲ್ಲಿ ಕೇಳಿದಿರಂತೆ, ಅವನು ಹೂಂ ಅಂದು ಸುಮ್ಮನಾದನಂತೆ. ಕನ್ನಡದಲ್ಲಿ ಒಂದು ಮಾತು ಆಡಿದ್ದರೆ ಚಹಾ ತರಿಸುತ್ತಿದ್ದ, ಸಂಜೆಯವರೆಗೂ ನಿಮ್ಮನ್ನು ಬಿಡುತ್ತಲೂ ಇರಲಿಲ್ಲ.

ಗೋವಾದ ದಂಡೆಯಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂದು ಮೈಸೂರಿನವರಾದ ನಿಮಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಗೋವಾದ ತೆಂಕಣ ತುದಿಯ ಊರು ಪೋಳೆಂ, ಅದು ದಾಟಿದರೆ ನಮ್ಮ ಮಾಜಾಳಿ, ಆಮೇಲೆ ಕಾಳಿ ನದಿ, ಕಾರವಾರ. ನಡುವೆ ಒಂದು ಚೆಕ್‌ಪೋಸ್ಟ್ ಇದೆ, ಹೆಂಡದ ಬಾಟಲಿ ಹಿಡಿಯಲಿಕ್ಕೆ. ಉಳಿದಂತೆ ಗಡಿ ಎಂದರೆ ಪೆಟ್ರೋಲ್ ರೇಟು ಬದಲಾಗುವ ಜಾಗ. ನಾವು ಅಂಕೋಲೆಯ ಬೇಲೆಕೇರಿಯವರು. ಚಿಕ್ಕಪ್ಪ ಮೊದಲು ಗೋವಾದ ಕುಟ್‌ಬೋಣದ ಜೆಟ್ಟಿಗೆ ಟ್ರಾಲರ್, ಎಂದರೆ ಚೀಲದಂಥ ಬಲೆ ಎಳೆದುಕೊಂಡು ಹೋಗುವ ಯಂತ್ರದ ಬೋಟಿನ ಕೆಲಸಕ್ಕೆ ಬಂದ, ಮೊಣಕಾಲು ಕೈಕೊಟ್ಟ ಮೇಲೆ ದಡಕ್ಕೆ ಹತ್ತಿ ಬಲೆ ಹಿಡಿದ. ನಾನು ಅವನ ಬೆನ್ನಿಗೆ ಬಂದು ಕಾಣಕೋಣದ ಚಾವಡಿ ಪೇಟೆಯಲ್ಲಿ ಹಗ್ಗ, ನೂಲು, ಬೆಂಡು, ಸೀಸ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತೆ. ಹಬ್ಬಕ್ಕೆ ಊರಿಗೆ ಹೋಗುವುದು ಕದಂಬ ಬಸ್ಸಿನಲ್ಲಿ. ಬನವಾಸಿಯ ಕದಂಬರ ಹೆಸರನ್ನು ಬಸ್ಸಿನ ಮೇಲೆ ಬರೆದುಕೊಂಡು ಓಡಾಡುವುದು ಗೋವಾ ಸರ್ಕಾರ, ನೋಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಜೆಟ್ಟಿಯಲ್ಲಿ ಒಡಿಶಾ, ಜಾರ್ಖಂಡದ ಹುಡುಗರ ಜೊತೆ ಹಿಂದಿ. ಲೆಕ್ಕ ಮಾತ್ರ ಚಿಕ್ಕಪ್ಪ ಇವತ್ತಿಗೂ ಕನ್ನಡದಲ್ಲೇ ಎಣಿಸುತ್ತಾನೆ.

ಈಗ ನಿಮ್ಮ ಪ್ರಶ್ನೆ. "ಬಲೆಯನ್ನು ಇನ್ನೂ ಕೈಯಲ್ಲೇ ನೇಯುತ್ತಾರಾ" ಎಂದು ಕೇಳಿದ್ದೀರಿ. ನೇಯುವುದು ಜೇಡ, ಇಲ್ಲವೇ ಮಗ್ಗದವರು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಇರುತ್ತದೆ, ಗಂಟು ಇರುವುದಿಲ್ಲ. ಬಲೆಯಲ್ಲಿ ಇರುವುದೇ ಗಂಟು. ಒಂದೇ ನೂಲು ಒಂದು ಗಂಟಿನಿಂದ ಇನ್ನೊಂದಕ್ಕೆ ನಡೆಯುತ್ತಾ ಹೋಗುತ್ತದೆ, ನಾಲ್ಕು ಗಂಟುಗಳ ನಡುವೆ ಉಳಿದ ಖಾಲಿ ಜಾಗಕ್ಕೆ ಕಣ್ಣು ಅನ್ನುತ್ತೇವೆ. ಮೀನುಗಾರ ದುಡ್ಡು ಕೊಡುವುದು ಆ ಕಣ್ಣಿನ ಅಳತೆ ನೋಡಿ. ಅಂಗಡಿಗೆ ಬಂದವನು ಕಣ್ಣನ್ನು ಎರಡು ಬೆರಳಲ್ಲಿ ಪೂರ್ತಿ ಎಳೆದು, ಈ ಗಂಟಿನಿಂದ ಎದುರಿನ ಗಂಟಿನವರೆಗೆ ಅಳೆಯುತ್ತಾನೆ. ಬಂಗುಡೆಗೆ ಸುಮಾರು 50 ಮಿಲಿಮೀಟರ್, ತಾರ್ಲೆಗೆ ಅದಕ್ಕಿಂತ ಸಣ್ಣದು, ಇಸ್ವಾಣಕ್ಕೆ ಬಂಗುಡೆಯದರ ಎರಡು ಪಾಲು. ಬಂಗುಡೆಯ ತಲೆ ಒಳಗೆ ನುಗ್ಗಬೇಕು, ಹೊಟ್ಟೆ ನುಗ್ಗಬಾರದು, ಹಿಂದೆ ಸರಿಯಹೋದರೆ ಕಿವಿರಿನ ಮುಚ್ಚಳಕ್ಕೆ ನೂಲು ಸಿಕ್ಕಬೇಕು. ಐದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ರಾತ್ರಿಯ ಡೀಸೆಲ್ ನೀರುಪಾಲು.

ಅಜ್ಜಿಯ ಕಾಲದಲ್ಲಿ ಎಲ್ಲವೂ ಕೈಕೆಲಸವೇ ಆಗಿತ್ತು. ಅವಳು ಸೆಣಬಿನ ನಾರನ್ನು ತೊಡೆಯ ಮೇಲೆ ಹೊಸೆದು ನೂಲು ಮಾಡುತ್ತಿದ್ದಳು, ಅಜ್ಜ ಹೆಣೆಯುತ್ತಿದ್ದ. ನಾರಿನ ಬಲೆ ಒದ್ದೆಯಾಗಿ ಬಿದ್ದರೆ ಕೊಳೆಯುತ್ತದೆ. ಅದಕ್ಕೇ ಮರದ ತೊಗಟೆ ಕುದಿಸಿದ ಕೆಂಗಂದು ನೀರಿನಲ್ಲಿ ಮತ್ತೆ ಮತ್ತೆ ಅದ್ದುವುದು, ಪ್ರತಿ ಸಲ ಕಡಲಿಂದ ಬಂದ ಮೇಲೆ ಗಳುವಿನ ಮೇಲೆ ಒಣಹಾಕುವುದು. ಮನೆ ಮಂದಿಯೆಲ್ಲ ಬಲೆಯ ಚಾಕರಿಯಲ್ಲೇ ಇದ್ದರು. ನೈಲಾನ್ ಬಂದದ್ದೇ ಆ ತೊಗಟೆಯ ಹಂಡೆ ಹಿತ್ತಲು ಸೇರಿತು. ಈಗ ಕಾರ್ಖಾನೆಯಿಂದ ಕಣ್ಣು ಕಟ್ಟಿದ ಬಲೆ ಥಾನಿನ ಹಾಗೆ ಬರುತ್ತದೆ, ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತೇವೆ. ಚೀಟಿಯ ಮೇಲೆ 210 ಎಂದಿರುತ್ತದೆ. ಅದು ಡೆನಿಯರ್, ಎಂದರೆ ಆ ಎಳೆ 9000 ಮೀಟರ್ ಉದ್ದ ಇದ್ದರೆ ತೂಕ 210 ಗ್ರಾಂ. ಅಂಥ ಎಷ್ಟು ಎಳೆ ಸೇರಿಸಿ ಹುರಿಮಾಡಿದ್ದಾರೆ ಎಂಬುದು ಅದರ ಮುಂದಿನ ಅಂಕಿ. ಓದಲು ಬಾರದ ಮೀನುಗಾರರೂ ಈ ಅಂಕಿಯನ್ನು ಬೆರಳಲ್ಲಿ ನೂಲು ಉಜ್ಜಿಯೇ ಹೇಳಿಬಿಡುತ್ತಾರೆ.

ಹಾಗಾದರೆ ಕೈಗೆ ಏನು ಉಳಿಯಿತು? ಥಾನು ಬಲೆಯಲ್ಲ. ಅದನ್ನು ಹಾಗೇ ನೀರಿಗೆ ಬಿಟ್ಟರೆ ಮುದ್ದೆಯಾಗಿ ಮುಳುಗುತ್ತದೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸ ಕೂಡಿಸಿ, ಎರಡರ ನಡುವೆ ಕಣ್ಣುಗಳನ್ನು ಕಟ್ಟಬೇಕು. ಇದಕ್ಕೆ ಇವತ್ತಿಗೂ ಮನುಷ್ಯನೇ ಬೇಕು. ಇಲ್ಲಿ ಒಂದು ಗುಟ್ಟಿದೆ. ನೂರು ಮೀಟರ್ ಥಾನನ್ನು ನೂರು ಮೀಟರ್ ಹಗ್ಗಕ್ಕೆ ಕಟ್ಟಿದರೆ ಕಣ್ಣು ಮುಚ್ಚಿಯೇ ಇರುತ್ತದೆ. ಸುಮಾರು ಅರ್ಧದಷ್ಟು ಹಗ್ಗಕ್ಕೆ ನೆರಿಗೆ ಹಿಡಿದು ಕಟ್ಟಬೇಕು, ಸೀರೆಯ ನೆರಿಗೆಯ ಹಾಗೆ. ಆಗ ಕಣ್ಣು ಅರಳಿ ನಿಲ್ಲುತ್ತದೆ. ಚಿಕ್ಕಪ್ಪನ ಲೆಕ್ಕ "ನಾಲ್ಕು ಕಣ್ಣಿಗೆ ಒಂದು ಅಂಗೈ". ಬಂಗುಡೆ ಬಲೆಯ ನಾಲ್ಕು ಕಣ್ಣು ಎಂದರೆ 200 ಮಿಲಿಮೀಟರ್, ಹೆಬ್ಬೆರಳು ಸೇರಿಸಿ ಅವನ ಅಂಗೈಯ ಅಗಲ 100. ಮೀನುಗಾರಿಕೆ ಕಲಿಸುವ ಪುಸ್ತಕದಲ್ಲಿ ಇದನ್ನೇ 0.5 ಎಂದು ಬರೆದಿರುತ್ತಾರೆ. ಬಿಗಿ ಮಾಡಿದರೆ ಮೀನು ಬಡಿದು ವಾಪಸು ಹೋಗುತ್ತದೆ, ತೀರಾ ಸಡಿಲ ಬಿಟ್ಟರೆ ಬೇಕಾದದ್ದು ಬೇಡದ್ದು ಎಲ್ಲ ಸುತ್ತಿಕೊಂಡು ಬಿಡಿಸುವುದರಲ್ಲೇ ಬೆಳಗಾಗುತ್ತದೆ.

ಟ್ರಾಲ್ ಬಲೆಯದು ಬೇರೆ ಕಥೆ. ಅದು ದರ್ಜಿಯ ಕೆಲಸ. ಹಸಿರು, ನೀಲಿ ಪ್ಲಾಸ್ಟಿಕ್ ನೂಲಿನ ಥಾನನ್ನು ಓರೆಯಾಗಿ ಕಣ್ಣು ಎಣಿಸಿ ಕತ್ತರಿಸಿ, ತುಂಡು ತುಂಡು ಸೇರಿಸಿ, ಕೊನೆಗೆ ಚೀಲದ ಆಕಾರಕ್ಕೆ ತರುತ್ತಾರೆ. ಅದನ್ನು ಕತ್ತರಿಸುವವನ ಬೆಲೆ ಜೆಟ್ಟಿಯಲ್ಲಿ ಬೋಟು ನಡೆಸುವ ತಾಂಡೇಲನಿಗಿಂತ ಒಂದು ಗುಲಗಂಜಿ ಮಾತ್ರ ಕಡಿಮೆ.

ದುರಸ್ತಿಗೆ ಬರೋಣ, ನೀವು ನಿಂತು ನೋಡಿದ್ದು ಅದನ್ನೇ. ಬಲೆ ಕೈಗೆ ಬಂದ ಕೂಡಲೇ ಚಿಕ್ಕಪ್ಪ ಸೂಜಿ ಹಿಡಿಯುವುದಿಲ್ಲ. ತೂತನ್ನು ಓದುತ್ತಾನೆ. ಉರುಟಾಗಿ, ಬ್ಲೇಡಿನಲ್ಲಿ ಕೊಯ್ದ ಹಾಗಿದ್ದರೆ ಬಲೂನ್ ಮೀನು. ಅದರ ಹಲ್ಲು ಗಿಳಿಯ ಕೊಕ್ಕಿನಂಥದ್ದು, ಸಿಕ್ಕ ಮೀನು ತಿನ್ನಲು ಬಂದು ಬಲೆಯನ್ನೂ ಕಚ್ಚಿಕೊಂಡು ಹೋಗುತ್ತದೆ. ಒಂದೇ ಕಡೆ ನಾಲ್ಕಾರು ಸಣ್ಣ ಹರಕು, ನಡುವೆ ನೂಲು ಹುರಿಗೊಂಡಿದ್ದರೆ ಏಡಿ. ಉದ್ದಕ್ಕೆ ಸೀಳಿದ್ದರೆ ಬಂಡೆ. ಮಾರುದ್ದ ಬಲೆಯೇ ಇಲ್ಲ, ಹಗ್ಗ ಕೂಡ ತುಂಡು ಎಂದರೆ ಅದು ಮೀನಿನ ಕೆಲಸವಲ್ಲ, ರಾತ್ರಿ ಮೇಲೆ ಹಾದುಹೋದ ಟ್ರಾಲರಿನದು. ಆಗ ಅವನ ಬಾಯಿಂದ ಬರುವ ಕನ್ನಡವನ್ನು ಇಲ್ಲಿ ಬರೆಯಲಾರೆ.

ಓದಿದ ಮೇಲೆ ತೂತನ್ನು ಇನ್ನೂ ದೊಡ್ಡದು ಮಾಡುತ್ತಾನೆ. ಹೊರಗಿನವರಿಗೆ ವಿಚಿತ್ರ ಕಾಣುವುದು ಇದೇ. ಬಲೆಯ ಪ್ರತಿ ಗಂಟಿನಿಂದ ನಾಲ್ಕು ಕಾಲು ಹೊರಡುತ್ತವೆ. ಹರಿದ ಅಂಚಿನಲ್ಲಿ ಒಂದು ಗಂಟಿಗೆ ಮೂರು ಕಾಲು ಉಳಿದಿರುತ್ತದೆ, ಒಂದಕ್ಕೆ ಎರಡು, ಒಂದಕ್ಕೆ ಒಂದೇ. ಒಂಟಿಕಾಲಿನದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಅಂಚಿನ ಸುತ್ತ ಎಲ್ಲ ಗಂಟೂ ಎರಡು ಕಾಲಿನದಾಗಬೇಕು, ಮೇಲೆ ಒಂದು, ಕೆಳಗೆ ಒಂದು ಮಾತ್ರ ಮೂರು ಕಾಲಿನದು ಉಳಿಯಬೇಕು. ಮೇಲಿನ ಮೂರು ಕಾಲಿನಿಂದ ಸೂಜಿ ಹೊರಡುತ್ತದೆ, ಸಾಲು ಸಾಲಾಗಿ ಆ ಕಡೆ ಈ ಕಡೆ ಓಡಾಡಿ ಕೆಳಗಿನ ಮೂರು ಕಾಲಿಗೆ ಬಂದು ಮುಗಿಯುತ್ತದೆ. ಹಾಗೆ ಮಾಡಿದರೆ ತೂತು ಎಷ್ಟೇ ಸೊಟ್ಟಗಿದ್ದರೂ ಒಂದೇ ನೂಲಿನಲ್ಲಿ ತುಂಬುತ್ತದೆ, ಎಲ್ಲ ಗಂಟಿಗೂ ನಾಲ್ಕು ಕಾಲು ಮರಳಿ ಬರುತ್ತದೆ. ಬೇರೆಲ್ಲಾದರೂ ಶುರುಮಾಡಿದಿರೋ, ಕೊನೆಗೆ ಎಲ್ಲೋ ಒಂದು ಕಾಲು ಕಮ್ಮಿ ಬಿದ್ದು ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ.

ನಾನು ಕಲಿಯುವಾಗ ಇದನ್ನು ನಂಬಲಿಲ್ಲ. ಕಾಲು ಎಣಿಸುವ ರಗಳೆ ಯಾಕೆ ಎಂದು ಒಮ್ಮೆ ಅವನು ಊಟಕ್ಕೆ ಹೋದಾಗ ಒಂದು ತೂತನ್ನು ಅಂಚು ಕತ್ತರಿಸದೆ, ಹತ್ತಿರದ ದಪ್ಪ ನೂಲು ತೆಗೆದು ಬಿಗಿಯಾಗಿ ಎಳೆದು ಕಟ್ಟಿಬಿಟ್ಟೆ. ನೋಡಲು ಗಟ್ಟಿಯಾಗೇ ಇತ್ತು. ಮೂರನೇ ದಿನ ಬಲೆ ವಾಪಸು ಬಂತು. ನನ್ನ ತೇಪೆ ಹಾಗೇ ಇದೆ, ಸುತ್ತಲಿನ ಹಳೆ ನೂಲೆಲ್ಲ ಕಿತ್ತುಹೋಗಿದೆ. ದಪ್ಪ ನೂಲು ತೆಳುವನ್ನು ಕೊಯ್ಯುತ್ತದೆ, ಬಿಗಿದ ಕಣ್ಣಿನ ಮೇಲೆ ಇಡೀ ಬಲೆಯ ಭಾರ ಬಂದು ಕೂರುತ್ತದೆ. ಚಿಕ್ಕಪ್ಪ ತೇಪೆಯನ್ನು ಬೆಳಕಿಗೆ ಹಿಡಿದು ನೋಡಿ "ತಮಾ, ಇದು ಬಲೆಗೆ ಹಾಕಿದ್ದಾ, ಗೋಣಿಚೀಲಕ್ಕೆ ಹಾಕಿದ್ದಾ?" ಎಂದ. ಹದಿನೈದು ದಿನ ನನಗೆ ಸೂಜಿ ಕೊಡಲಿಲ್ಲ, ಬರೀ ನೂಲು ಸುತ್ತಿಕೊಡುವ ಕೆಲಸ.

ಸೂಜಿ ಎಂದರೆ ಹೊಲಿಗೆಯದಲ್ಲ. ಗೇಣುದ್ದದ ಚಪ್ಪಟೆ ಕಡ್ಡಿ, ಒಳಗೆ ನಾಲಿಗೆ, ಹಿಂದೆ ಕವಲು. ನೂಲನ್ನು ನಾಲಿಗೆಗೆ ಸಿಕ್ಕಿಸಿ, ಕವಲಿಗೆ ತಂದು, ಮಗುಚಿ ಮತ್ತೆ ನಾಲಿಗೆಗೆ. ಈಗ ಪ್ಲಾಸ್ಟಿಕ್ಕಿನದು ಚಿಲ್ಲರೆ ಕಾಸಿಗೆ ಸಿಗುತ್ತದೆ, ಚಿಕ್ಕಪ್ಪನದು ಮಾತ್ರ ಬಿದಿರಿನದು, ಕೈಬೆವರಿಗೆ ಕಪ್ಪಾಗಿದೆ. ಕಣ್ಣಿನ ಅಳತೆಗೆ ಒಂದು ಬಿದಿರ ಪಟ್ಟಿ ಬೇಕು, ಅದರ ಅಗಲ ಕಣ್ಣಿನ ಅಳತೆಯ ಅರ್ಧ. ನುರಿತವರು ಪಟ್ಟಿ ಬಿಟ್ಟು ಬೆರಳಲ್ಲೇ ಅಳೆಯುತ್ತಾರೆ. ನೈಲಾನಿಗೆ ಗಂಟು ಎರಡು ಸುತ್ತು ಹಾಕಬೇಕು. ಸೆಣಬು ಒದ್ದೆಯಾದರೆ ತಾನೇ ಬಿಗಿದುಕೊಳ್ಳುತ್ತಿತ್ತು, ಇದು ಜಾರುವ ಜಾತಿ.

ಬಲೆ ಹರಿಯುವ ವಿಷಯಕ್ಕೆ ಗೋವಾದಲ್ಲಿ ಒಂದು ದೊಡ್ಡ ಜಗಳವೇ ನಡೆದಿದೆ. ದಡದಿಂದ ಹತ್ತಾರು ಜನ ಸೇರಿ ಎಳೆಯುವ ಬಲೆಗೆ ಇಲ್ಲಿ ರಾಂಪಣ ಎನ್ನುತ್ತಾರೆ, ನಮ್ಮ ಉತ್ತರ ಕನ್ನಡದ ರಂಪಣಿಯೇ ಅದು. 1970ರ ದಶಕದಲ್ಲಿ ಟ್ರಾಲರುಗಳು ದಡದ ಹತ್ತಿರಕ್ಕೇ ಬಂದು ಮೀನು ಬಾಚುತ್ತಾ, ಸಣ್ಣವರ ಬಲೆ ಹರಿಯುತ್ತಾ ಹೋದಾಗ ರಾಂಪಣಕಾರರು ಬೀದಿಗಿಳಿದರು. ಮುಂದೆ ನಿಂತವರು ಮಥಾನಿ ಸಲ್ಡಾನ್ಹಾ ಎಂಬ ಮೇಷ್ಟ್ರು, ಆಮೇಲೆ ಮಂತ್ರಿಯೂ ಆದರು. 1980ರಲ್ಲಿ ಗೋವಾಕ್ಕೆ ಕಡಲ ಮೀನುಗಾರಿಕೆಯ ಕಾಯ್ದೆ ಬಂತು, ದಡದಿಂದ 5 ಕಿಲೋಮೀಟರ್ ಒಳಗೆ ಯಂತ್ರದ ಬೋಟು ಮೀನು ಹಿಡಿಯಬಾರದೆಂದಾಯಿತು. ನಮ್ಮ ಕಡೆ ಆ ಹೊತ್ತಿಗೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದು ರಂಪಣಿಯನ್ನು ನುಂಗಿಯಾಗಿತ್ತು. ಚಿಕ್ಕಪ್ಪ ಆ ಟ್ರಾಲರಿನಲ್ಲೂ ದುಡಿದವನೇ. ಈಗ ಟ್ರಾಲರು ಹರಿದುಹಾಕಿದ ಬಲೆಗೆ ತೇಪೆ ಹಾಕುತ್ತಾ ಅದಕ್ಕೇ ಬೈಯುತ್ತಾನೆ. ಎರಡೂ ಹೊಟ್ಟೆಪಾಡು.

ವರ್ಷದಲ್ಲಿ ಕೆಲಸ ಹೆಚ್ಚು ಬೀಳುವುದು ಜೂನ್ 1ರಿಂದ ಜುಲೈ 31ರವರೆಗೆ, ಯಂತ್ರದ ಬೋಟುಗಳ ಮೀನುಗಾರಿಕೆ ಬಂದ್ ಇರುವ 61 ದಿನ. ಹೊರರಾಜ್ಯದ ಹುಡುಗರು ಊರಿಗೆ ಹೋಗುತ್ತಾರೆ, ಬೋಟು ದಡ ಹತ್ತುತ್ತದೆ, ಜೆಟ್ಟಿಯ ಮಾಡಿನ ಕೆಳಗೆ ಬಲೆಯ ರಾಶಿ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಒಳಗೆ ಒಣ ಉಪ್ಪಿನ, ಕೊಳೆತ ಪಾಚಿಯ ವಾಸನೆ. ಅಂಕೋಲೆ, ಕುಮಟೆ ಕಡೆಯ ಒಂದಷ್ಟು ಮಂದಿ ಆಗ ಬಂದು ಸೇರುತ್ತಾರೆ, ಎರಡು ತಿಂಗಳು ಆ ಮಾಡಿನ ಕೆಳಗೆ ಶುದ್ಧ ಕನ್ನಡ ರಾಜ್ಯ. ಯಾರ ಮಗಳ ಮದುವೆ, ಯಾರ ದೋಣಿ ಸಾಲದಲ್ಲಿ ಮುಳುಗಿತು, ಬೇಲೆಕೇರಿಯಲ್ಲಿ ಮಳೆ ಹೇಗೆ, ಎಲ್ಲವೂ ಅಲ್ಲೇ ತಿಳಿಯುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೇ ಬಲೆ ಒದ್ದೆ ಮಾಡುವವರು ಈಗಲೂ ಇದ್ದಾರೆ. ಬ್ಯಾಂಕಿನ ಕಂತು ಇರುವವರು ಆಗಸ್ಟ್ ಒಂದಕ್ಕೇ ಹೊರಡುತ್ತಾರೆ.

ಇತ್ತೀಚಿನ ತಂಗೂಸಿ ಬಲೆಯ ಬಗ್ಗೆ ಚಿಕ್ಕಪ್ಪನಿಗೆ ಗೌರವವಿಲ್ಲ. ಒಂಟಿ ಎಳೆಯ, ಗಾಜಿನ ಹಾಗೆ ಕಾಣುವ ನೂಲು. ನೀರಲ್ಲಿ ಮೀನಿಗೆ ಕಾಣುವುದಿಲ್ಲ, ಮೀನು ಚೆನ್ನಾಗಿ ಬೀಳುತ್ತದೆ, ಬೆಲೆಯೂ ಕಡಿಮೆ. ಆದರೆ ಹರಿದರೆ ಕೂತು ಕಟ್ಟುವ ಕೂಲಿಗಿಂತ ಹೊಸ ಥಾನೇ ಅಗ್ಗ. ಹಾಗಾಗಿ ಬೆಂಡು, ಸೀಸ, ಹಗ್ಗ ಬಿಚ್ಚಿಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಸ್ವಲ್ಪ ನಮ್ಮ ಮನೆಗಳಿಗೆ ಬರುತ್ತದೆ. ಬಾವಿಯ ಮೇಲಿನ ಬಲೆ, ಕೋಳಿಗೂಡಿನ ಬಲೆ, ಹಾಗಲಬಳ್ಳಿ ಹಬ್ಬಿದ ಬಲೆ, ನೀವು ದಾರಿಯಲ್ಲಿ ಕಂಡದ್ದೆಲ್ಲ ಅದೇ. ಸ್ವಲ್ಪ ಕಡಲಿಗೇ ಹೋಗುತ್ತದೆ. ಅಲ್ಲಿ ಅದು ಕೊಳೆಯುವುದಿಲ್ಲ, ಯಾರಿಗೂ ಬೇಡದ ಮೀನು ಹಿಡಿಯುತ್ತಲೇ ಇರುತ್ತದೆ. ತಳಪಣದ ಪಕ್ಕದ ಗಾಲ್ಜಿಬಾಗದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಮ್ಮೆ ಕಾಲಿಗೆ ಬಲೆ ಸುತ್ತಿಕೊಂಡ ಆಮೆಯೊಂದನ್ನು ಬಿಡಿಸಲು ಚಿಕ್ಕಪ್ಪನನ್ನೇ ಕರೆದಿದ್ದರು. ಒಂದು ಕಣ್ಣೂ ಉಳಿಸದೆ ಕತ್ತರಿಸಿದ. ಬಲೆಗೆ ಹಾಗೆ ಚಾಕು ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗೆ ಕೈಯಲ್ಲೇ ಆಗುವುದು ಈಗ ಬೀಸುಬಲೆ ಒಂದೇ, ಅದೂ ಹಟ ಇರುವವರ ಮನೆಯಲ್ಲಿ. ಅದು ಕೊಡೆಯ ಆಕಾರ. ನೆತ್ತಿಯಲ್ಲಿ ಕೆಲವೇ ಕಣ್ಣಿನಿಂದ ಶುರುಮಾಡಿ, ಕೆಲವು ಸುತ್ತಿಗೊಮ್ಮೆ ಅಲ್ಲಲ್ಲಿ ಒಂದೊಂದು ಕಣ್ಣು ಹೆಚ್ಚಿಸುತ್ತಾ ಹೋಗಬೇಕು. ಎಲ್ಲಿ ಹೆಚ್ಚಿಸಬೇಕು ಎಂಬ ಲೆಕ್ಕ ತಪ್ಪಿದರೆ ಬೀಸಿದಾಗ ಬಲೆ ಉರುಟಾಗಿ ಬೀಳದೆ ಬಾಳೆ ಎಲೆಯ ಹಾಗೆ ಒಂದು ಕಡೆ ಉದ್ದ ಬೀಳುತ್ತದೆ. ಅಂಚಿಗೆ ಸೀಸ, ಒಳಮಡಿಕೆಯಲ್ಲಿ ಜೇಬು. ಅಳಿವೆಯಲ್ಲಿ ಭರತ ಏರುವ ಹೊತ್ತಿಗೆ ಶೆವ್ಟೆ ಮೀನು ಹಿಡಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಕಾರ್ಖಾನೆಯದೂ ಸಿಗುತ್ತದೆ, ನಮ್ಮ ಅಂಗಡಿಯಲ್ಲೇ ಇದೆ. ಆದರೆ ಬೀಸುವವನ ಎತ್ತರ, ತೋಳಿನ ಉದ್ದ ನೋಡಿ ಮಾಡಿದ್ದಲ್ಲ ಅದು. ಚಿಕ್ಕಪ್ಪನಿಗೆ ಒಂದು ಬೀಸುಬಲೆಗೆ ಇಡೀ ಮಳೆಗಾಲ ಬೇಕು, ಬೇರೆ ಕೆಲಸದ ನಡುವೆ.

ಒಂದು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಈ ಮಳೆಗಾಲದ್ದು ಗಾಲ್ಜಿಬಾಗದ ಒಬ್ಬರಿಗೆ ಮಾತಾಗಿದೆ. ಮುಂದಿನದಕ್ಕೆ ಬೇಕಿದ್ದರೆ ನೀವೇ ಬನ್ನಿ, ಅವನು ನಿಮ್ಮ ತೋಳು ಅಳೆಯುತ್ತಾನೆ. ಹಾಸಿಟ್ಟ ಬಲೆಯನ್ನು ಚಪ್ಪಲಿಯಲ್ಲಿ ದಾಟಬೇಡಿ. ಮನೆಯ ಗೋಡೆಗೆ ಹಾಕಲು ಎಂದು ಮಾತ್ರ ಬಾಯಿ ಬಿಡಬೇಡಿ, ಕೊಡುವುದಿಲ್ಲ. ಹೋದ ವರ್ಷ ಒಬ್ಬ ಹೋಟೆಲಿನವರು ಹಾಗೆ ಕೇಳಿದ್ದರು. ಕೋಳಿಗೂಡಿನ ಮೇಲಿದ್ದದ್ದನ್ನು ಬಿಚ್ಚಿ ಕೊಟ್ಟು ಕಳಿಸಿದ, ದುಡ್ಡೂ ತಗೊಂಡ.